ತಪ್ಪಿದ ವಾಯಿದೆ, ಬಾಗಿಲಿಗೆ ಬಂದ ವಾರಂಟ್

ವಾರಂಟ್ ಆದ ಮನುಷ್ಯ ಊರಲ್ಲೇ ಇದ್ದರೂ ಊರಿನ ಪಾಲಿಗೆ ಇಲ್ಲದಂತಾಗುತ್ತಾನೆ. ಸಂತೆಗೆ ಹೋಗುವುದನ್ನು ಬಿಡುತ್ತಾನೆ. ನೆಂಟರ ಮದುವೆಗೆ ಹೆಂಡತಿ ಮಕ್ಕಳನ್ನು ಮಾತ್ರ ಕಳಿಸುತ್ತಾನೆ. ಅಡಿಕೆಯನ್ನು ಸೊಸೈಟಿಗೆ ಹಾಕಬೇಕೆಂದರೆ ಪೇಟೆಗೆ ಹೋಗಬೇಕು, ಪೇಟೆಯಲ್ಲಿ ಪೊಲೀಸರಿರುತ್ತಾರೆ. ಹಾಗಾಗಿ ಮನೆಬಾಗಿಲಿಗೆ ಬಂದ ವ್ಯಾಪಾರಿ ಹೇಳಿದ ರೇಟಿಗೇ ಕೊಟ್ಟುಬಿಡುತ್ತಾನೆ. ರಾತ್ರಿ ಯಾರದ್ದಾದರೂ ಬೈಕು ಅಂಗಳಕ್ಕೆ ತಿರುಗಿದರೆ ಊಟದ ತಟ್ಟೆ ಬಿಟ್ಟು ಹಿತ್ತಿಲ ಕಡೆ ಎದ್ದು ಹೋಗುತ್ತಾನೆ. ನಮ್ಮ ಬಾವ ಒಂದಷ್ಟು ಕಾಲ ಹೀಗೇ ಬದುಕಿದರು. ಅವರನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. "ಹೆಸರು ಒಂದು ಹಾಕ್ಬೇಡ ಮಾರಾಯ. ಉಳಿದದ್ದೆಲ್ಲ ಬರಿ, ಯಾರಿಗಾದ್ರೂ ಉಪಯೋಗ ಆಗ್ಲಿ" ಅಂದರು.

ಕೇಸು ದೊಡ್ಡದೇನೂ ಅಲ್ಲ. ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಅವರ ಮನೆ, ತೋಟ. ಕೆಲವು ವರ್ಷದ ಹಿಂದೆ ಒಂದು ಮಳೆಗಾಲದ ಸಂಜೆ ಶಿವಮೊಗ್ಗದಿಂದ ಬರುವಾಗ ಮಂಡಗದ್ದೆ ಹತ್ತಿರ ಅವರ ಬೈಕು ರಸ್ತೆಬದಿ ನಡೆದು ಹೋಗುತ್ತಿದ್ದ ಒಬ್ಬರಿಗೆ ತಾಗಿತು. ಆ ರಸ್ತೆ ಗೊತ್ತಿದ್ದವರಿಗೆ ಗೊತ್ತು, ಒಂದು ಕಡೆ ತುಂಗೆ, ಒಂದು ಕಡೆ ಮರ, ಮಳೆ ಹಿಡಿದರೆ ಸಂಜೆ ಐದಕ್ಕೇ ಕತ್ತಲೆ. ಬಾವನೇ ಅವರನ್ನು ಆಸ್ಪತ್ರೆಗೆ ಸೇರಿಸಿದರು. ಅವರು ಗುಣವಾದರು. ಆದರೂ ಕೇಸು ಆಗಬೇಕಾದದ್ದು ಆಯಿತು. ಹಳೇ ಐಪಿಸಿಯ, ಅಂದರೆ ಭಾರತೀಯ ದಂಡ ಸಂಹಿತೆಯ, ಸೆಕ್ಷನ್ 279, ಅಂದರೆ ಅಜಾಗರೂಕ ಚಾಲನೆ, ಜೊತೆಗೆ 337, ಅಂದರೆ ಅಜಾಗರೂಕತೆಯಿಂದ ಪೆಟ್ಟು ಮಾಡುವುದು. ಮೊದಲನೆಯದಕ್ಕೆ ಹೆಚ್ಚೆಂದರೆ 6 ತಿಂಗಳ ಸಜೆ ಅಥವಾ 1000 ರೂಪಾಯಿ ದಂಡ, ಇಲ್ಲವೇ ಎರಡೂ. ಎರಡೂ ಸೆಕ್ಷನ್‌ಗಳು ಜಾಮೀನು ಸಿಗುವಂಥವೇ. ಬಾವನ ಹಳೇ ಸ್ನೇಹಿತರೊಬ್ಬರು ತಮ್ಮ ಪಹಣಿ ಕೊಟ್ಟು ಶ್ಯೂರಿಟಿ ನಿಂತರು. ಬಾವ ಮನೆಗೆ ಬಂದರು. ಮುಗಿಯಿತು ಅಂತ ಎಲ್ಲರೂ ಅಂದುಕೊಂಡೆವು.

ಆಮೇಲೆ ಶುರುವಾದದ್ದು ವಾಯಿದೆಗಳು, ಅಂದರೆ ಕೋರ್ಟಿಗೆ ಹಾಜರಾಗಬೇಕಾದ ತಾರೀಕುಗಳು. ಬೆಳಗ್ಗೆ ಮೊದಲ ಬಸ್ಸಿಗೆ ಹೋಗುವುದು, ಹನ್ನೊಂದು ಗಂಟೆಗೆ ಹೆಸರು ಕೂಗಿಸಿಕೊಳ್ಳುವುದು, ಸಾಕ್ಷಿ ಬಂದಿಲ್ಲ ಅಂತ ಇನ್ನೊಂದು ತಾರೀಕು ತೆಗೆದುಕೊಂಡು ವಾಪಸ್ ಬರುವುದು. ಒಂದು ಇಡೀ ದಿನ ಹೋಗುತ್ತದೆ, ಕೋರ್ಟಿನೊಳಗೆ ನಿಂತದ್ದು ಒಂದು ನಿಮಿಷ. ಹೀಗೆ ಮತ್ತೆ ಮತ್ತೆ ಆದಾಗ ಮನುಷ್ಯನಿಗೆ ಒಂದು ಭಾವನೆ ಬಂದುಬಿಡುತ್ತದೆ, ನಾನು ಹೋದರೂ ಅಷ್ಟೇ, ಹೋಗದಿದ್ದರೂ ಅಷ್ಟೇ ಅಂತ. ಈ ಭಾವನೆಯೇ ಅಪಾಯ. ಯಾಕೆಂದರೆ ಆ ಒಂದು ನಿಮಿಷ ನಮಗೆ ಏನೂ ಅಲ್ಲದಿದ್ದರೂ ಕೋರ್ಟಿನ ಹಾಳೆಯಲ್ಲಿ ‘ಆರೋಪಿ ಹಾಜರು’ ಅಂತ ಬರೆಯುವುದು ಅದೇ ನಿಮಿಷದಲ್ಲಿ.

ವಾಯಿದೆ ತಪ್ಪಿದ್ದು ಆಷಾಢದಲ್ಲಿ. ಅಡಿಕೆ ಬೆಳೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೊಳೆ ರೋಗಕ್ಕೆ ಬೋರ್ಡೋ ಮದ್ದು ಹೊಡೆಯಬೇಕು, ಅದಕ್ಕೆ ಮಳೆ ಬಿಟ್ಟು ಹೊಳವಾಗಬೇಕು. ಸುರಿಯುವ ಮಳೆಯಲ್ಲಿ ಹೊಡೆದ ಮದ್ದು ಅಡಿಕೆ ಗೊನೆಗೆ ಅಂಟುವುದಿಲ್ಲ. ವಾರಗಟ್ಟಲೆ ಸುರಿದ ಮೇಲೆ ಒಂದು ದಿನ ಹೊಳವು ಸಿಕ್ಕಿತು, ಮರ ಹತ್ತುವವರೂ ಅದೇ ದಿನ ಸಿಕ್ಕಿದರು. ಅದೇ ದಿನ ವಾಯಿದೆ. ಈಚೆಗೆ ಎಲೆಚುಕ್ಕಿ ರೋಗ ಬೇರೆ ಬಂದು ಆ ಕಡೆಯ ತೋಟಗಳು ಸೊರಗಿವೆ, ಒಂದು ವರ್ಷದ ಫಸಲು ಕಳೆದುಕೊಂಡರೆ ಮಕ್ಕಳ ಫೀಸಿಗೆ ಸಾಲ ಮಾಡಬೇಕು. ಬಾವ ತೋಟದಲ್ಲಿ ಉಳಿದರು. ವಕೀಲರು ಇಪಿ ಹಾಕಿದರು. ಅಂದರೆ ಇವತ್ತೊಂದು ದಿನ ಖುದ್ದು ಹಾಜರಿಯಿಂದ ಬಿಡಿ ಅಂತ ಅರ್ಜಿ. ಸಿಆರ್‌ಪಿಸಿಯ, ಅಂದರೆ ಹಳೇ ದಂಡ ಪ್ರಕ್ರಿಯಾ ಸಂಹಿತೆಯ, 317ರಲ್ಲಿ ಅದಕ್ಕೆ ಅವಕಾಶವಿತ್ತು, ಈಗಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 355ರಲ್ಲೂ ಇದೆ. ಕೋರ್ಟು ಒಪ್ಪಿತು. ಮುಂದಿನ ತಾರೀಕನ್ನು ಬಾವ ಕೇಳಿ ಬರೆದಿಟ್ಟುಕೊಳ್ಳಬೇಕಿತ್ತು. ಮನೆಯಲ್ಲಿ ನೆಟ್‌ವರ್ಕ್ ಇಲ್ಲ, ಗುಡ್ಡದ ಮೇಲಿನ ಬಸ್ ಸ್ಟಾಪಿಗೆ ಬಂದರೆ ಮಾತ್ರ ಫೋನ್. ವಕೀಲರ ಕಡೆಯಿಂದಲೂ ಯಾರೂ ತಿಳಿಸಲಿಲ್ಲ. ಆ ತಾರೀಕೂ ಹೋಯಿತು, ಅದರ ಮುಂದಿನದ್ದೂ ಹೋಯಿತು. ಎನ್‌ಬಿಡಬ್ಲ್ಯೂ ಆಯಿತು, ಜಾಮೀನುರಹಿತ ವಾರಂಟ್.

ಒಂದು ಮಧ್ಯಾಹ್ನ ಠಾಣೆಯ ಪೊಲೀಸರೊಬ್ಬರು ಮನೆಗೆ ಬಂದರು. ಬಾವ ತೋಟದಲ್ಲಿದ್ದರು. ಅಕ್ಕನ ಹತ್ತಿರ "ನಿಮ್ಮ ಯಜಮಾನ್ರ ಮೇಲೆ ವಾರಂಟ್ ಇದೆ ಅಮ್ಮ, ಕೋರ್ಟಿಗೆ ಬರೋಕೆ ಹೇಳಿ" ಅಂತ ಹೇಳಿ ಹೋದರು. ಜೋರು ಮಾಡಲಿಲ್ಲ. ನಿಜ ಹೇಳಬೇಕೆಂದರೆ ಅದೊಂದು ಒಳ್ಳೆಯ ಮಾತು. ಆದರೆ ಅಕ್ಕನಿಗೆ ಕೇಳಿಸಿದ್ದು ‘ವಾರಂಟ್’ ಅನ್ನುವುದೊಂದೇ. ನೆರೆಮನೆಯವರಿಗೂ ಅಷ್ಟೇ. ಸಂಜೆಯೊಳಗೆ ಇಡೀ ಕೇರಿಗೆ ಗೊತ್ತು.

ಆಮೇಲೆ ಊರಿನ ಸಲಹೆಗಳು ಬಂದವು. ಒಬ್ಬರು, ಸುಮ್ನೆ ಇರಿ, ಮೂರು ವರ್ಷ ಕಳೆದರೆ ವಾರಂಟ್ ತಾನೇ ಬಿದ್ದುಹೋಗುತ್ತದೆ ಅಂದರು. ಇನ್ನೊಬ್ಬರು ಮಂಗಳೂರು ಕಡೆ ಹೋಗಿ ಆರು ತಿಂಗಳು ಇದ್ದು ಬನ್ನಿ ಅಂದರು. ಮತ್ತೊಬ್ಬರು ಡಾಕ್ಟರ್ ಸರ್ಟಿಫಿಕೇಟ್ ಮಾಡಿಸಿಕೊಡುತ್ತೇನೆ ಅಂತ ಮುಂದೆ ಬಂದರು. ಇವರೆಲ್ಲ ಕೆಟ್ಟವರಲ್ಲ, ಪ್ರೀತಿಯಿಂದಲೇ ಹೇಳಿದರು. ಆದರೆ ಮೂರೂ ತಪ್ಪು ಸಲಹೆ, ಮೂರನೆಯದಂತೂ ಹೊಸ ಅಪರಾಧ. ವಾರಂಟಿಗೆ ಅವಧಿ ಅನ್ನುವುದು ಇಲ್ಲ. ಅದನ್ನು ಹೊರಡಿಸಿದ ಕೋರ್ಟು ರದ್ದು ಮಾಡಬೇಕು ಅಥವಾ ಅದು ಜಾರಿಯಾಗಬೇಕು, ಅಲ್ಲಿಯವರೆಗೆ ಅದು ಜೀವಂತ. ಸಿಆರ್‌ಪಿಸಿಯ 70(2) ಹೇಳುತ್ತಿದ್ದದ್ದು ಇದನ್ನೇ, 2024ರ ಜುಲೈ 1ರಿಂದ ಬಂದ ಹೊಸ ಸಂಹಿತೆಯ 72(2) ಹೇಳುವುದೂ ಇದನ್ನೇ. ವರ್ಷಗಳ ನಂತರ ಎಲ್‌ಪಿಸಿ ಅಂತ ಹಳೇ ಬಾಕಿ ಕೇಸುಗಳ ಪಟ್ಟಿ ಹಿಡಿದು ಪೊಲೀಸರು ಹೊರಡುತ್ತಾರೆ. ‘ಹಲವು ವರ್ಷಗಳಿಂದ ತಲೆಮರೆಸಿಕೊಂಡಿದ್ದ ಆರೋಪಿ ಬಂಧನ’ ಅಂತ ಜಿಲ್ಲೆಯ ಪತ್ರಿಕೆಗಳಲ್ಲಿ ಓದುತ್ತೇವಲ್ಲ, ಅವರಲ್ಲಿ ಸಣ್ಣಪುಟ್ಟ ಕೇಸಿನವರೂ ಇರುತ್ತಾರೆ. ಹೋಗದೇ ಇದ್ದಷ್ಟೂ ಕೇಸು ಬೆಳೆಯುತ್ತದೆ. ಆರೋಪಿ ತಲೆಮರೆಸಿಕೊಂಡಿದ್ದಾನೆ ಅಂತ ಕೋರ್ಟಿಗೆ ಅನಿಸಿದರೆ ಘೋಷಣೆ ಹೊರಡಿಸಬಹುದು, ಹಾಜರಾಗಲು ಕನಿಷ್ಠ 30 ದಿನ ಕೊಟ್ಟು. ಆಸ್ತಿ ಜಪ್ತಿ ಮಾಡಬಹುದು. ಆ ಘೋಷಣೆಗೂ ಬರದಿದ್ದರೆ ಅದೇ ಬೇರೆ ಅಪರಾಧ, ಮೂಲ ಕೇಸಿಗೆ 6 ತಿಂಗಳಿದ್ದರೂ ಇದಕ್ಕೆ 3 ವರ್ಷದವರೆಗೆ ಸಜೆ ಆಗಬಹುದು. ಪಾಸ್‌ಪೋರ್ಟ್ ಬೇಕಾದ ಹುಡುಗರಿಗೆ ಇನ್ನೊಂದು ಮಾತು: ವಾರಂಟ್ ಬಾಕಿ ಇರುವುದು 1967ರ ಪಾಸ್‌ಪೋರ್ಟ್ ಕಾಯ್ದೆಯ ಪ್ರಕಾರ ಅರ್ಜಿ ನಿರಾಕರಿಸಲು ಒಂದು ಕಾರಣ.

ಬಾವನನ್ನು ಅಲುಗಾಡಿಸಿದ್ದು ಇದ್ಯಾವುದೂ ಅಲ್ಲ. ಶ್ಯೂರಿಟಿ ನಿಂತ ಸ್ನೇಹಿತರಿಗೆ ಕೋರ್ಟಿನಿಂದ ನೋಟಿಸ್ ಬಂತು.

ಜಾಮೀನು ಅಂದರೆ ಏನು ಅಂತ ನಮ್ಮ ಕಡೆ ಜನ ಸರಿಯಾಗಿ ಯೋಚಿಸಿಯೇ ಇಲ್ಲ ಅಂತ ನನಗನಿಸುತ್ತದೆ. ಪಹಣಿ, ಆಧಾರ್ ಕೊಟ್ಟು ಒಂದು ಸಹಿ ಹಾಕಿ ಬರುವುದು, ಒಂದು ಊಟ ಹಾಕಿಸಿದರೆ ಮುಗಿಯಿತು ಅನ್ನುವ ಲೆಕ್ಕ. ಆದರೆ ಆರೋಪಿ ವಾಯಿದೆ ತಪ್ಪಿಸಿದರೆ ಆ ಬಾಂಡ್ ಮುಟ್ಟುಗೋಲಾಗುತ್ತದೆ. ಶ್ಯೂರಿಟಿಯನ್ನು ಕರೆದು, ಇಷ್ಟು ಹಣ ಕಟ್ಟು, ಇಲ್ಲವೇ ಯಾಕೆ ಕಟ್ಟಬಾರದು ಹೇಳು ಅಂತ ಕೇಳುತ್ತಾರೆ. ಕಟ್ಟದಿದ್ದರೆ ದಂಡದ ಹಾಗೆ ವಸೂಲಿ. ಅದೂ ಆಗದಿದ್ದರೆ ಶ್ಯೂರಿಟಿಗೆ 6 ತಿಂಗಳವರೆಗೆ ಸಿವಿಲ್ ಜೈಲು ಕೂಡ ಕಾನೂನಿನಲ್ಲಿದೆ. ಯಾರೋ ಬೈಕು ತಾಗಿಸಿದ್ದಕ್ಕೆ ತೋಟದ ಪಹಣಿ ಕೊಟ್ಟ ಪುಣ್ಯಾತ್ಮ ಇಷ್ಟನ್ನೆಲ್ಲ ಹೊರಬೇಕು.

ಆ ಸ್ನೇಹಿತರು ನೋಟಿಸ್ ಹಿಡಿದುಕೊಂಡು ಬಂದು ಜಗಲಿಯಲ್ಲಿ ಕೂತರಂತೆ. ಬೈಯಲಿಲ್ಲ. ಕಾಫಿ ಕುಡಿದು, ಮಳೆ, ಅಡಿಕೆ ರೇಟು ಮಾತಾಡಿ, ಹೊರಡುವಾಗ "ಇದೊಂದು ಎಂತದು ನೋಡು ಮಾರಾಯ, ಮನೆಯಲ್ಲಿ ಹೆದರಿದ್ದಾರೆ" ಅಂದರಂತೆ. ಅಷ್ಟೇ. ಬಾವ ಅವತ್ತು ರಾತ್ರಿ ಗುಡ್ಡ ಹತ್ತಿ ನನಗೆ ಫೋನ್ ಮಾಡಿದರು. "ನನ್ನನ್ನು ಜೈಲಿಗೆ ಹಾಕಿದ್ರೂ ಅಡ್ಡಿಲ್ಲ. ನಾಳೆ ನೀನು ಬಾ, ಕೋರ್ಟಿಗೆ ಹೋಗಣ" ಅಂದರು. ಅವರ ದನಿಯಲ್ಲಿ ನನಗೆ ಕೇಳಿಸಿದ್ದು ಹೆದರಿಕೆಗಿಂತ ಜಾಸ್ತಿ ನಾಚಿಕೆ.

ನಾನು ಮೊದಲು ಮಾಡಿದ ಕೆಲಸ ಮೊಬೈಲಿನಲ್ಲಿ ಇ-ಕೋರ್ಟ್ಸ್ ಆ್ಯಪ್ ತೆರೆದದ್ದು. ಪ್ರತಿ ಕೇಸಿಗೂ 16 ಅಕ್ಷರ-ಅಂಕಿಗಳ ಒಂದು ಸಿಎನ್‌ಆರ್ ನಂಬರ್ ಇರುತ್ತದೆ. ಅದಿಲ್ಲದಿದ್ದರೆ ಕೇಸ್ ನಂಬರ್ ಅಥವಾ ಆರೋಪಿಯ ಹೆಸರು ಹಾಕಿಯೂ ಹುಡುಕಬಹುದು. ಮುಂದಿನ ತಾರೀಕು ಯಾವುದು, ಕೇಸು ಯಾವ ಹಂತದಲ್ಲಿದೆ, ಎಲ್ಲ ಅಲ್ಲೇ ಕಾಣುತ್ತದೆ, ದುಡ್ಡು ಕೊಡಬೇಕಿಲ್ಲ. ಇಷ್ಟು ದಿನ ಊರೆಲ್ಲ ಊಹೆಯ ಮೇಲೆ ಮಾತಾಡುತ್ತಿದ್ದ ವಿಷಯ ಎರಡು ನಿಮಿಷದಲ್ಲಿ ಕಣ್ಣೆದುರು ಬಂತು. ಊರಿನ ಒಬ್ಬ ಓದಿದ ಹುಡುಗ ಅಥವಾ ಹುಡುಗಿ ಇದನ್ನು ಕಲಿತರೆ ಎಷ್ಟೋ ಮನೆಗಳ ನಿದ್ದೆ ಉಳಿಯುತ್ತದೆ.

ಬೇರೆ ವಕೀಲರನ್ನು ಕಂಡೆವು. ವಯಸ್ಸಾದವರು, ತಾಲ್ಲೂಕು ಕೋರ್ಟಿನಲ್ಲೇ ಕೂದಲು ಬೆಳ್ಳಗಾದವರು. ಅವರು ಬಾವನನ್ನು ಕೂರಿಸಿ ಮೊದಲು ಕೇಳಿದ್ದು, ಪೊಲೀಸರು ಬಂದಾಗ ಓಡಿಹೋದಿರಾ, ಹಿಂದೆ ಎಷ್ಟು ವಾಯಿದೆಗೆ ಬಂದಿದ್ದೀರಿ, ಯಾಕೆ ಬರಲಿಲ್ಲ. ಆಮೇಲೆ ಒಂದು ಮಾತು ಹೇಳಿದರು: "ಪೊಲೀಸರು ಹಿಡಿದು ತಂದು ನಿಲ್ಲಿಸಿದವನೂ ತಾನೇ ಬಂದು ನಿಂತವನೂ ಒಂದೇ ಅಲ್ಲ. ಎದುರಿಗೆ ಕೂತವರಿಗೆ ಅದು ಗೊತ್ತಾಗುತ್ತೆ." ಸುಪ್ರೀಂ ಕೋರ್ಟ್ 2007ರಲ್ಲಿ ಇಂದರ್ ಮೋಹನ್ ಗೋಸ್ವಾಮಿ ಪ್ರಕರಣದಲ್ಲಿ ಹೇಳಿದ್ದನ್ನೂ ಅವರೇ ವಿವರಿಸಿದರು. ಮೊದಲು ಸಮನ್ಸ್, ಅದಕ್ಕೆ ಬರದಿದ್ದರೆ ಜಾಮೀನು ಸಿಗುವ ವಾರಂಟ್, ಬೇಕೆಂದೇ ತಪ್ಪಿಸಿಕೊಳ್ಳುತ್ತಿದ್ದಾನೆ ಅಂತ ಖಚಿತವಾದ ಮೇಲೆ ಜಾಮೀನುರಹಿತ ವಾರಂಟ್, ಯಾಕೆಂದರೆ ಇದು ಮನುಷ್ಯನ ಸ್ವಾತಂತ್ರ್ಯದ ಪ್ರಶ್ನೆ. 2022ರ ಸತೇಂದರ್ ಕುಮಾರ್ ಅಂತಿಲ್ ತೀರ್ಪು ಇನ್ನೂ ಮುಂದೆ ಹೋಗಿದೆ. 7 ವರ್ಷ ಅಥವಾ ಅದಕ್ಕಿಂತ ಕಡಿಮೆ ಸಜೆಯ ಕೇಸುಗಳಲ್ಲಿ, ತನಿಖೆಯ ವೇಳೆ ಬಂಧನವಾಗದೆ ಸಹಕರಿಸಿದ ಆರೋಪಿಯ ಮೇಲೆ ಇಂಥ ವಾರಂಟ್ ಆಗಿದ್ದರೆ, ಅದು ಜಾರಿಯಾಗುವ ಮೊದಲೇ ಅರ್ಜಿ ಹಾಕಿ, ಮುಂದಿನ ವಾಯಿದೆಗೆ ಖಂಡಿತ ಬರುತ್ತೇನೆ ಅಂತ ಬರೆದುಕೊಟ್ಟರೆ, ಅವನು ಖುದ್ದು ಬರದಿದ್ದರೂ ಕೋರ್ಟು ವಾರಂಟ್ ರದ್ದು ಮಾಡಬಹುದು ಅಥವಾ ಸಮನ್ಸಿಗೆ ಇಳಿಸಬಹುದು. "ಇದನ್ನು ತೋರಿಸಿ ಕೇಳಬಹುದು. ಆದರೆ ನಿಮ್ಮ ವಿಷಯದಲ್ಲಿ ನೀವೇ ಬಂದು ನಿಲ್ಲುವುದು ಒಳ್ಳೆಯದು" ಅಂದರು.

ಒಳಗೆ ಹಾಕಲ್ಲ ಅಂತ ಅವರು ಮಾತು ಕೊಡಲಿಲ್ಲ. ನನಗೆ ಅವರ ಮೇಲೆ ಗೌರವ ಹುಟ್ಟಿದ್ದು ಅಲ್ಲೇ. ಜಾಮೀನು ಸಿಗುವ ಕೇಸೇ ಆದರೂ ಒಮ್ಮೆ ಬಾಂಡ್ ಮುರಿದವನಿಗೆ ಮತ್ತೆ ಜಾಮೀನು ನಿರಾಕರಿಸುವ ಅಧಿಕಾರ ಕೋರ್ಟಿಗೆ ಇದೆ. ಅಂಥ ದಿನ ಸಂಜೆ ಶಿವಮೊಗ್ಗದ ಸೋಗಾನೆ ಜೈಲಿಗೆ ಹೋಗಬೇಕಾಗಬಹುದು. ಹಾಗಾಗಿ ತಯಾರಾಗಿ ಹೋದೆವು. ಬಾವನ ಮಾತ್ರೆ, ಹೊಸ ಶ್ಯೂರಿಟಿಗೆ ಬೇಕಾದ ಕಾಗದ, ದಂಡ ಕಟ್ಟಲು ದುಡ್ಡು. ಬೆಳಗ್ಗೆ ಬೇಗ ಹೋಗಿ ಅಂತ ವಕೀಲರು ಹೇಳಿದ್ದರು. ಶನಿವಾರ, ರಜೆಯ ಹಿಂದಿನ ದಿನ ಬೇಡ, ಹೆಚ್ಚುಕಡಿಮೆ ಆದರೆ ಮರುದಿನವೇ ಅರ್ಜಿ ಹಾಕಲು ಕೋರ್ಟು ತೆರೆದಿರಬೇಕು ಅಂದಿದ್ದರು. ಇದು ಪುಸ್ತಕದಲ್ಲಿ ಸಿಗದ ಬುದ್ಧಿ.

ಆ ದಿನ ಕೋರ್ಟಿನ ಜಗಲಿಯಲ್ಲಿ ಕಾದದ್ದು ನನಗೆ ಮರೆಯುವುದಿಲ್ಲ. ಮಳೆಕೋಟು ನೇತುಹಾಕಿದ ಕಿಟಕಿ, ಬೆಂಚಿನ ಮೇಲೆ ಒದ್ದೆ ಕೊಡೆಗಳು, ಫೈಲು ಎದೆಗವಚಿಕೊಂಡ ಹೆಂಗಸರು. ಜೀವನಾಂಶಕ್ಕೆ ಬಂದವರು, ಚೆಕ್ ಬೌನ್ಸ್ ಕೇಸಿನವರು, ಕಾಡಿನ ಒತ್ತುವರಿ ಕೇಸಿನವರು. ಮಾತಾಡಿಸಿದರೆ ಅರ್ಧ ಜನ ವಾರಂಟ್ ಅನ್ನುವುದನ್ನು ಒಮ್ಮೆಯಾದರೂ ಕಂಡವರೇ. ಬಾವ ಇಷ್ಟು ದಿನ ಊರಿನಲ್ಲಿ ತಾನೊಬ್ಬನೇ ಅಂದುಕೊಂಡು ತಲೆ ತಗ್ಗಿಸಿದ್ದರು. ಅಲ್ಲಿ ಪಕ್ಕದಲ್ಲಿ ಕೂತ ಹೊಸನಗರ ಕಡೆಯ ಅಜ್ಜನೊಬ್ಬ ಕವಳದ ಸಂಚಿ ಬಿಚ್ಚುತ್ತಾ "ನಿಂದು ಎಂತ ಕೇಸು?" ಅಂತ ಬೆಳೆ ವಿಚಾರಿಸಿದಷ್ಟು ಸಲೀಸಾಗಿ ಕೇಳಿದಾಗ ಬಾವ ಮೊದಲ ಸಲ ಬಾಯಿಬಿಟ್ಟು ಇಡೀ ಕಥೆ ಹೇಳಿದರು.

ಹೆಸರು ಕೂಗಿದರು. ಬಾವ ಒಳಗೆ ಹೋಗಿ ಕೈಮುಗಿದು ನಿಂತರು. ವಕೀಲರು ವಾರಂಟ್ ರೀಕಾಲ್ ಅರ್ಜಿ ಕೊಟ್ಟರು. ನ್ಯಾಯಾಧೀಶರು ಫೈಲ್ ತಿರುವಿ ಬಾವನನ್ನೇ ಕೇಳಿದರು, ಯಾಕ್ರೀ ಬರಲಿಲ್ಲ ಅಂತ. ಬಾವ ಮದ್ದು ಹೊಡೆಯುವ ದಿನವಾಗಿತ್ತು ಅಂತ ಹೇಳಿದರು, ಆಮೇಲಿನ ತಾರೀಕು ತಿಳಿಯಲಿಲ್ಲ ಅಂದರು, ಪೊಲೀಸರು ಬಂದ ಮೇಲೆ ಹೆದರಿ ಬರಲಿಲ್ಲ ಅನ್ನುವುದನ್ನೂ ಮುಚ್ಚಿಡದೆ ಹೇಳಿದರು. "ತೋಟಕ್ಕೆ ಒಂದು ದಿನ, ಕೋರ್ಟಿಗೆ ಒಂದು ದಿನ ಇಟ್ಟುಕೊಳ್ಳಬೇಕಲ್ವಾ? ತಾರೀಕು ಗೊತ್ತಾಗಲಿಲ್ಲ ಅಂದರೆ ಬಂದು ಕೇಳಬೇಕಲ್ವಾ?" ಅಂತ ನ್ಯಾಯಾಧೀಶರು ಸ್ವಲ್ಪ ಗಟ್ಟಿಯಾಗಿಯೇ ಹೇಳಿದರು. ಆಮೇಲೆ ದಂಡ ಹಾಕಿ, ಹೊಸದಾಗಿ ಬಾಂಡ್ ಬರೆಸಿಕೊಂಡು ವಾರಂಟ್ ವಾಪಸ್ ತೆಗೆದರು. ಇನ್ನೊಂದು ಸಲ ತಪ್ಪಿಸಿದರೆ ಬಿಡುವುದಿಲ್ಲ ಅಂತ ಎಚ್ಚರಿಸಿದರು. ಸ್ನೇಹಿತರ ಮೇಲಿನ ನೋಟಿಸಿಗೂ ಉತ್ತರ ಸಲ್ಲಿಸಿ ಅದನ್ನು ಮುಗಿಸಿಕೊಂಡೆವು. ಎಲ್ಲ ಕೋರ್ಟಿನಲ್ಲೂ ಹೀಗೇ ಆಗುತ್ತದೆ ಅನ್ನಲಾರೆ. ಗಂಭೀರ ಆರೋಪ ಇದ್ದರೆ, ಮೊದಲೂ ಒಮ್ಮೆ ತಪ್ಪಿಸಿದ್ದರೆ, ಘೋಷಣೆ ಆಗಿಬಿಟ್ಟಿದ್ದರೆ ದಾರಿ ಇಷ್ಟು ಸುಲಭವಿರುವುದಿಲ್ಲ.

ಅಂತೂ ಹೊರಗೆ ಬಂದಾಗ ಹೊಟ್ಟೆ ಹಸಿದಿತ್ತು. ತಿಂಗಳುಗಟ್ಟಲೆ ಒಬ್ಬ ಮನುಷ್ಯ ಹಿತ್ತಿಲಲ್ಲಿ ಅಡಗಿಕೊಂಡದ್ದು ಈ ಕಾಲುಗಂಟೆಗೆ ಹೆದರಿ ಅಂತ ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಕೋರ್ಟನ್ನು ಗೌರವಿಸುತ್ತಲೇ ಒಂದು ದೂರನ್ನೂ ಹೇಳಬೇಕು. ಮಲೆನಾಡಿನ ಮನುಷ್ಯ ಒಂದು ವಾಯಿದೆಗೆ ಹೇಗೆ ಬರುತ್ತಾನೆ ಅನ್ನುವುದು ಕಾಗದದಲ್ಲಿ ಕಾಣುವುದಿಲ್ಲ. ಶರಾವತಿ ಹಿನ್ನೀರಿನಾಚೆಯ ತುಮರಿ ಕಡೆಯವರು 2025ರ ಜುಲೈನಲ್ಲಿ ಸೇತುವೆ ತೆರೆಯುವವರೆಗೂ ಲಾಂಚ್ ಹಿಡಿದೇ ಸಾಗರಕ್ಕೆ ಬರಬೇಕಿತ್ತು. ಲಾಂಚ್ ತಪ್ಪಿದರೆ ಬಸ್ ತಪ್ಪಿತು, ಬಸ್ ತಪ್ಪಿದರೆ ವಾಯಿದೆ ತಪ್ಪಿತು. 2011ರ ಭೂ ಕಬಳಿಕೆ ನಿಷೇಧ ಕಾಯ್ದೆಯಡಿ ಕೇಸು ಬಿದ್ದ ನಮ್ಮ ರೈತರು ಬೆಂಗಳೂರಿನ ವಿಶೇಷ ಕೋರ್ಟಿಗೆ ಅಲೆದದ್ದು ಎಲ್ಲರಿಗೂ ಗೊತ್ತು. ತುಂಡು ಜಮೀನಿನ ಸಾಗುವಳಿದಾರ ಒಂದು ತಾರೀಕಿಗೆ ರಾತ್ರಿ ಬಸ್ ಹತ್ತಿ ರಾಜಧಾನಿಗೆ ಹೋಗಬೇಕಿತ್ತು. ಅವನು ಬರಲಿಲ್ಲ ಅಂದರೆ ಅದು ಉದ್ಧಟತನವೇ ಆಗಿರಬೇಕಿಲ್ಲ. ಸಮನ್ಸ್ ಹೋಗುವ ವಿಳಾಸದಲ್ಲಿ ಆ ಮನುಷ್ಯ ಈಗಲೂ ಇದ್ದಾನಾ ಅಂತ ನೋಡಬೇಕು. ಕೆಲಸ ಹುಡುಕಿ ಬೆಂಗಳೂರು ಸೇರಿದ ಹುಡುಗನ ಸಮನ್ಸ್ ಊರಿನ ಹಳೇ ಮನೆಗೆ ಬಂದು, ಕಿವಿ ಕೇಳದ ಅಜ್ಜಿಯ ಹತ್ತಿರ ಉಳಿದುಬಿಟ್ಟ ಉದಾಹರಣೆ ನಮ್ಮ ನೆಂಟರಲ್ಲೇ ಇದೆ. ಇದನ್ನೆಲ್ಲ ಕೋರ್ಟಿನ ಗಮನಕ್ಕೆ ತರಬೇಕಾದವರು ವಕೀಲರು, ಸಮನ್ಸ್ ಹಿಡಿದು ಹೋಗುವ ಪೊಲೀಸರು. ಅವರು ಒಂದು ಸಾಲು ಸರಿಯಾಗಿ ಬರೆದರೆ ಎಷ್ಟೋ ವಾರಂಟ್‌ಗಳು ಹುಟ್ಟುವುದೇ ಇಲ್ಲ.

ವಕೀಲರಿಗೆ ದುಡ್ಡಿಲ್ಲ ಅಂತ ಮನೆಯಲ್ಲಿ ಕೂತವರು ಇದ್ದರೆ ಅವರಿಗೆ ಇದನ್ನು ಓದಿ ಹೇಳಿ. ತಾಲ್ಲೂಕು ಕೋರ್ಟುಗಳಲ್ಲಿ ಕಾನೂನು ಸೇವಾ ಸಮಿತಿ ಇದೆ. ಹೆಂಗಸರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಬಂಧನದಲ್ಲಿರುವವರಿಗೆ, ಇನ್ನೂ ಕೆಲವು ವರ್ಗದವರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುತ್ತಾರೆ, ಉಳಿದವರಿಗೆ ಆದಾಯದ ಮಿತಿಯ ಮೇಲೆ. 15100ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ. ವಾರಂಟ್ ಹಿಡಿದು ಪೊಲೀಸರು ಬಂದೇಬಿಟ್ಟರೂ ಕೈಕಾಲು ಬಿಡಬೇಕಿಲ್ಲ. ವಾರಂಟ್ ತೋರಿಸಿ ಅಂತ ಕೇಳುವ ಹಕ್ಕಿದೆ. ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಕೋರ್ಟಿನ ಮುಂದೆ ನಿಲ್ಲಿಸಬೇಕು. ಹೆಂಗಸರನ್ನು, ತೀರಾ ವಿಶೇಷ ಸಂದರ್ಭ ಬಿಟ್ಟರೆ, ಸೂರ್ಯ ಮುಳುಗಿದ ಮೇಲೆ ಬಂಧಿಸುವಂತಿಲ್ಲ. ವಾಟ್ಸಾಪಿನಲ್ಲಿ ವಾರಂಟ್ ಕಳಿಸಿ, ವಿಡಿಯೋ ಕಾಲಿನಲ್ಲಿ ಹೆದರಿಸಿ ದುಡ್ಡು ಕೇಳುವವರು ಮಾತ್ರ ಕಳ್ಳರೇ, ಅನುಮಾನ ಬೇಡ. ಡಿಜಿಟಲ್ ಅರೆಸ್ಟ್ ಅನ್ನುವುದು ನಮ್ಮ ಕಾನೂನಿನಲ್ಲಿ ಇಲ್ಲ. ಅಂಥ ಕರೆ ಬಂದರೆ 1930ಕ್ಕೆ ತಿಳಿಸಿ.

ಬಾವನ ಕೇಸು ಇನ್ನೂ ನಡೆಯುತ್ತಿದೆ. ಪೆಟ್ಟಾದವರು ಬಂದು ಸಾಕ್ಷಿ ಹೇಳಿ ಹೋದರು, ಡಾಕ್ಟರ ಸಾಕ್ಷಿ ಬಾಕಿ ಇದೆ. ತಾರೀಕನ್ನು ಈಗ ಮೂರು ಜನ ನೋಡಿಡುತ್ತೇವೆ: ಬಾವ ಕ್ಯಾಲೆಂಡರಿನಲ್ಲಿ, ನಾನು ಮೊಬೈಲಿನಲ್ಲಿ, ಶ್ಯೂರಿಟಿ ನಿಂತ ಸ್ನೇಹಿತರು ತಮ್ಮ ಅಡಿಕೆ ಲೆಕ್ಕದ ಪುಸ್ತಕದಲ್ಲಿ. ಮುಂದಿನ ವಾಯಿದೆ ಕೊಯ್ಲಿನ ನಡುವೆಯೇ ಬಿದ್ದಿದೆ. ಕೊನೆಗಾರರಿಗೆ ಬೇರೆ ದಿನ ಬರಲು ಅಕ್ಕ ಆಗಲೇ ಹೇಳಿ ಬಂದಿದ್ದಾಳೆ.